ಅರ್ಧ ಟಿಕೆಟ್ಟು

ಕಾರವಾರ–ಮಡಗಾಂವ್, ದಿನಕ್ಕೆ ನಾಲ್ಕು ಸಿಂಗಲ್ಲು.
ಮಾಜಾಳಿ ಗೇಟು ದಾಟಿ ಪೋಳೆಂ ಬಂತೆಂದರೆ
ರಸ್ತೆ ಬದಿ ಅಂಗಡಿಗಳು,
ಗಾಜಿನ ಹಿಂದೆ ಬೆಳಗಿನ ಬಿಸಿಲು ಹಿಡಿದು ನಿಂತ
ಹಳದಿ, ಕಂದು, ನೀರಿನಂಥದ್ದು.
ನಾನು ಆಗ ಮಷಿನ್ನಿನ ಕಾಗದದ ಸುರುಳಿ ಬದಲಿಸುತ್ತೇನೆ.
ಮುಗಿದಿರಲಿ, ಮುಗಿಯದಿರಲಿ.
ತೊಂಬತ್ತೇಳು ದಿನವಾಯಿತು.

ಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂದಿದ್ದರು.
ಬಿಟ್ಟೆ.
ಸರಿಹೋಗುವುದು ಮಾತ್ರ ಇನ್ನೂ ಡಿಪೋದಿಂದ ಹೊರಟಿಲ್ಲ.
ಬಂಗಡೆ ಸಾರಿಗೆ ತಿರ್ಫಲ ಹಾಕಿಲ್ಲವಾ ಅಂದರೆ
ಸುಲಕ್ಷಾ ನನ್ನ ತಟ್ಟೆಯಿಂದಲೇ ಎತ್ತಿ ತೋರಿಸುತ್ತಾಳೆ, ಮೂರು ಕಾಳು.
ಮಗಳು ಬಿದ್ದ ಹಲ್ಲನ್ನು ಅಂಗೈಲಿಟ್ಟು ತಂದಳು.
ನಗಬೇಕು ಎಂದು ನೆನಪಾಯಿತು, ನಕ್ಕೆ,
ಸ್ಟಾಪು ದಾಟಿದ ಮೇಲೆ ಬ್ರೇಕು ಹಾಕಿದ ಹಾಗೆ.
ರಾತ್ರಿ ಮೂರಕ್ಕೆ ಎಚ್ಚರ.
ಬೈತಖೋಲದಲ್ಲಿ ಬೋಟಿನ ಎಂಜಿನ್ನು ಕೆಮ್ಮುತ್ತದೆ,
ಯಾರೋ ಎಲ್ಲಿಗೋ ಹೊರಟಿದ್ದಾರೆ.

ಆಸ್ಪತ್ರೆಯ ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕವರು.
ಎಷ್ಟು ಕುಡಿಯುತ್ತಿದ್ದಿರಿ ಎಂದು ಕೇಳಲಿಲ್ಲ,
ಕೊನೆಯ ಸಲ ಖುಷಿಯಾದದ್ದು ಯಾವಾಗ ಅಂದರು.
ಐನೂರರ ನೋಟು ಚಾಚಿದವನ ಮುಂದೆ
ಚಿಲ್ಲರೆಗೆ ಚೀಲ ತಡಕುವಂತೆ ತಡಕಿದೆ.
ಮೊದಲ ವಾರ ಅರ್ಧ ಮಾತ್ರೆ, ರಾತ್ರಿ ಊಟವಾದ ಮೇಲೆ.
ಎರಡು ಮೂರು ವಾರ ಏನೂ ಗೊತ್ತಾಗಲಿಕ್ಕಿಲ್ಲ, ಕಾಯಬೇಕು.
ಮತ್ತೆ ಕುಡಿದರೆ ಹೇಳಿ, ಮುಚ್ಚಿಡಬೇಡಿ.

ಕಾಯಬೇಕಂತೆ. ಬಾಟಲಿಗೆ ಹತ್ತು ನಿಮಿಷ ಸಾಕಿತ್ತು.

ಗುರುವಾರದ ಮೀಟಿಂಗು, ಕೋಡಿಬಾಗದ ಇಗರ್ಜಿ ಹಿಂದಿನ ಕೋಣೆ.
ರೋಹಿದಾಸ ತಾಂಡೇಲ, ಹದಿನಾಲ್ಕು ವರ್ಷ ಮುಟ್ಟದವ, ಹೇಳಿದ:
ಅದೂ ಒಂದು ಕ್ವಾರ್ಟರೇ ಮಾರಾಯಾ, ಕಾಗದದಲ್ಲಿ ಸುತ್ತಿದ್ದು.
ಒಂದು ಗಾಳ ಬಿಡಿಸಿಕೊಂಡು ಇನ್ನೊಂದು ಕಚ್ಚಬೇಡ.
ಚಹಾದ ಲೋಟ ತೊಳೆಯುತ್ತಿದ್ದ ಇನಾಸ್ ತಿರುಗದೆ,
ನಾನು ಎರಡು ವರ್ಷದಿಂದ ತಗೊಳ್ತಿದ್ದೇನೆ ಅಂದ,
ನಲ್ಲಿಗೆ ಹೇಳಿದ ಹಾಗೆ.
ಆಮೇಲೆ ಅವನ ಅಣ್ಣನ ಮಾತು ಬಂತು.
ಒಂಬತ್ತು ತಿಂಗಳು ಒಂದು ಹನಿ ಮುಟ್ಟದಿದ್ದವ,
ಎಲ್ಲರೂ ಬೆನ್ನು ತಟ್ಟಿದವ,
ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ
ಬಾರದೇ ಉಳಿದದ್ದು.
ಫ್ಯಾನು ತಿರುಗುತ್ತಿತ್ತು. ರೋಹಿದಾಸನೂ ಮಾತಾಡಲಿಲ್ಲ.

ಪಟ್ಟಿಯ ಹಿಂದಿನ ಇರುವೆ ಅಕ್ಷರಗಳನ್ನು
ಸುಲಕ್ಷಾಳ ಕನ್ನಡಕ ಹಾಕಿ ಓದಿದೆ, ಕೆಂಪು ಗೆರೆಯನ್ನೂ ಬಿಡದೆ.
ಇಪ್ಪತ್ತು ವರ್ಷ ಯಾವ ಬಾಟಲಿಯ ಚೀಟಿಯನ್ನೂ ಓದಿದವನಲ್ಲ.
ಚೀಟಿಯಿಲ್ಲದ್ದನ್ನೂ ಕುಡಿದೆ, ಯಾರದೋ ಎಂಜಲನ್ನೂ.

ನಾಲ್ಕು ದಿನ ಖಾಕಿ ಜೇಬಿನಲ್ಲಿ ಆ ಪಟ್ಟಿ
ಗಡಿ ದಾಟಿತು, ಮರಳಿತು, ಒಂದೂ ಒಡೆಯದೆ.
ಮಾಜಾಳಿ ಗೇಟಿನಲ್ಲಿ ಚೀಲಗಳನ್ನು ಮೂಸಲು ಹತ್ತಿದ ಅಬಕಾರಿಯವ
ತಮಾಷೆಗೆ ನನ್ನ ಜೇಬನ್ನೂ ತಟ್ಟಿದ. ಇದೇನಿದು?
ಮಾತ್ರೆ.
ಯಾತಕ್ಕೆ?
ಬಿಪಿಗೆ, ಅಂದೆ.
ಸುಳ್ಳು ಎಷ್ಟು ಸಲೀಸಾಗಿ ಬಂತು,
ದಿನಾ ಬರುವ ಪಾಸಿನವನ ಹಾಗೆ,
ಏನೂ ತೋರಿಸದೆ, ತನ್ನ ಸೀಟಿನಲ್ಲೇ ಕೂತು.

ಅವತ್ತೇ ಸದಾಶಿವಗಡದಲ್ಲಿ ಒಬ್ಬ ತಾಯಿ
ಉದ್ದನೆಯ ಹುಡುಗನನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು
ಐದೇ ವರ್ಷ ಇವನಿಗೆ ಅಂದಳು.
ಅರ್ಧ ಹರಿದುಕೊಟ್ಟೆ.
ಅರ್ಧ ಟಿಕೆಟ್ಟೆಂದರೆ ಅರ್ಧ ದಾರಿಗಲ್ಲ ಅಮ್ಮಾ,
ಕೊನೆಯ ಸ್ಟಾಪಿನವರೆಗೂ ನಡೆಯುತ್ತದೆ, ಕೂರಿಸು ಅವನನ್ನ,
ಎಂದವನು ನಾನೇ.

ನಿನ್ನೆ ರಾತ್ರಿ ಬ್ಲೇಡಿಟ್ಟು ಒತ್ತಿದೆ.
ಒಂದು ಅರ್ಧ ಪುಡಿಯಾಯಿತು,
ಇನ್ನೊಂದು ಹಾರಿ ಮಂಚದ ಕೆಳಗೆ ಹೋಯಿತು.
ಮೊಣಕಾಲೂರಿ, ಕೆನ್ನೆ ನೆಲಕ್ಕೊತ್ತಿ ಹುಡುಕಿದೆ,
ಚಪ್ಪಲಿಗಳ ನಡುವೆ, ಟ್ರಂಕಿನ ಹಿಂದೆ.
ಕೈಗೆ ದಾರಿ ಗೊತ್ತಿತ್ತು.
ಇದೇ ಟ್ರಂಕಿನ ಹಿಂದೆಯೇ ಇಡುತ್ತಿದ್ದೆ.
ಆಗಲೂ ಹೀಗೇ, ಕತ್ತಲಲ್ಲಿ, ಉಸಿರು ಬಿಗಿಹಿಡಿದು.
ಹುಡುಕುತ್ತಿರುವುದು ಯಾವುದನ್ನೆಂದು
ಬೆರಳಿಗೆ ಹೇಗೆ ತಿಳಿಯಬೇಕು?

ಸುಲಕ್ಷಾ ಎದ್ದು ಕೂತಿದ್ದಳು, ಯಾವಾಗಿನಿಂದಲೋ.
ಏನು ಹುಡುಕುತ್ತೀ ಅನ್ನಲಿಲ್ಲ.
ಲೈಟು ಹಾಕಲಾ? ಅಂದಳು.

ಹಾಕು, ಅಂದೆ.