ಆರಿಸು

ಮೂರು ಡಬ್ಬಿ ಮುಂದಿಟ್ಟಿದ್ದೇನೆ, ಹಂಫರೆ,
ಆರಿಸು.
ನಿನ್ನ ಲಾರಿಯ ಮೂತಿ ಮುಂದಕ್ಕೆ ಮಗುಚಿ ನಿಂತಿದೆ
ಹಲ್ಲು ಕೀಳಿಸಲು ಬಂದವನ ಹಾಗೆ ಬಾಯಿ ತೆರೆದು.
ಒಳಗೆ ಹಳೆಯ ಬಣ್ಣ
ಬಿಸಿಲಿಗೆ ಸುಲಿದ ಬೆನ್ನು.

ಇದು ಬೆಳ್ಳಿ. ಆರುನೂರು ಡಿಗ್ರಿ ತಾಳುತ್ತದೆಂದು
ಡಬ್ಬಿಯ ಮೇಲೆ ಬರೆದಿದೆ.
ಬರೆದವನು ನಮ್ಮ ಮಿಲ್ಲೆ ಕಂಡವನಲ್ಲ,
ನಲವತ್ತು ಟನ್ ಗೊಬ್ಬರ ಹೊತ್ತು
ಗಲಾಫಿಯ ಏರಿನಲ್ಲಿ, ಎರಡನೇ ಗೇರಿನಲ್ಲಿ,
ಮಧ್ಯಾಹ್ನ ತೆವಳಿದವನಲ್ಲ.
ಆದರೂ ಸುಳ್ಳಲ್ಲ; ಮ್ಯಾನಿಫೋಲ್ಡಿಗೆ ಇದೇ ಸೈ.

ಇದು ಸೆರಾಮಿಕ್. ಜಿಬೂಟಿಯ ಹಡಗುಕಟ್ಟೆಯಿಂದ
ನಮ್ಮಣ್ಣ ಗೆಬ್ರು ಅಂಗಿಯಲ್ಲಿ ಸುತ್ತಿ ತಂದದ್ದು.
ಬೆಲೆ ಕೇಳಬೇಡ; ಕೇಳಿದೆಯೋ,
ಒಂದು ಒಂಟೆ, ಜೊತೆಗೆ ಅದರ ಮರಿ.
ಟರ್ಬೋಗೆ ಮಾತ್ರ ಸಾಕು, ಅಂಗೈ ಅಗಲ.

ಮೂರನೆಯದು ನೀನು ಆಗಲೇ ಕಣ್ಣು ಹಾಕಿದ ಕಪ್ಪು.
ಹೊಳೆಯುತ್ತದೆ, ಹೌದು, ಮದುವೆಯ ಜೋಡಿನಂತೆ.
ಎಂಜಿನ್ ಮೈಗೆಲ್ಲ ಇದೇ ಇರಲಿ ಅನ್ನುತ್ತೀ:
ಎಣ್ಣೆ ಮೆತ್ತಿದರೂ ಕಾಣದು, ಕೊಳೆ ಕೂತರೂ ಕಾಣದು,
ಮಾರುವ ದಿನ ಮಾನ ಉಳಿಯುತ್ತದೆ.

ಅಲ್ಲೇ ನನ್ನ ತಕರಾರು.

ಹೋದ ವರ್ಷ ಯಾಯೋನ ಗಾಡಿಗೆ
ಇದೇ ಕೈಯಿಂದ ಇದೇ ಕಪ್ಪು ಹೊಡೆದೆ.
ಚೆಂದ ಬಂದಿತ್ತು. ನೋಡಲು ಜನ ಬಂದರು.
ಡೀಸೆಲ್ ಕೊಳವೆ ಕೂದಲೆಳೆಯಷ್ಟು ಸೀಳಿ
ಹನಿ ಹನಿ ಇಳಿದದ್ದು
ಕಪ್ಪಿನ ಮೇಲೆ ಕಪ್ಪು, ಹೊಳಪಿನ ಮೇಲೆ ಹೊಳಪು,
ಅವನಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ.
ಕಂಡದ್ದು ಸೆರ್ಡೋ ತಿರುವಿನ ಮೇಕೆ ಕಾಯುವ ಹುಡುಗರಿಗೆ,
ರಾತ್ರಿ, ಮೂರು ಮೈಲಿ ಆಚೆಯಿಂದ.

ಯಾಯೋ ಹಾರಿಕೊಂಡ. ಬದುಕಿದ.
ಈಗ ಚಹಾ ಲೋಟ ಎಡಗೈಯಲ್ಲಿ ಹಿಡಿಯುತ್ತಾನೆ.
ಅವನು ಬೀದಿಗೆ ಬಂದರೆ
ನನಗೆ ಒಳಕೋಣೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ.

ನಾಲ್ಕನೆಯ ಡಬ್ಬಿ ಬೆಂಚಿನ ಕೆಳಗಿದೆ, ಬಗ್ಗಿ ನೋಡು.
ತಿಳಿ ಬೂದಿ. ಯಾರೂ ಕೇಳಿ ಪಡೆಯದ ಬಣ್ಣ.
ನೊಣ ಕೂತರೂ ಕಾಣುತ್ತದೆ.
ಒಂದು ತೊಟ್ಟು ಬೆವರಿದರೆ ಸಾಕು,
ಬೆಳಗ್ಗೆ ಟಾರ್ಚು ಹಿಡಿದ ನಿನ್ನ ಕ್ಲೀನರ್ ಹುಡುಗ
'ಇಲ್ಲಿ' ಎಂದು ಬೆರಳಿಡುತ್ತಾನೆ.
ಎಂಜಿನ್ನಿನ ಮೇಲೆ ಚಾಡಿ ಹೇಳುವ ಬಣ್ಣ ಇದು.

ಒಪ್ಪಿದರೆ ಇವತ್ತೆಲ್ಲ ತಂತಿಬ್ರಷ್ಷು, ಥಿನ್ನರು, ಚಿಂದಿಬಟ್ಟೆ,
ಕಬ್ಬಿಣ ತನ್ನ ಹುಟ್ಟುಮೈಗೆ ಬರುವವರೆಗೆ.
ನಾಳೆ ತೆಳ್ಳಗೆ ಒಂದು ಕೈ, ಒಣಗಿದ ಮೇಲೆ ಇನ್ನೊಂದು.
ದಪ್ಪ ಹಚ್ಚಿದ್ದೇ ಮೊದಲು ಉದುರುವುದು;
ಅವ್ವ ನೆಂಟಸ್ತನಕ್ಕೂ ಇದನ್ನೇ ಹೇಳುತ್ತಿದ್ದಳು.
ಆಮೇಲೆ ಹತ್ತು ನಿಮಿಷ ಓಡಿಸು, ಆರಿಸು.
ಇಪ್ಪತ್ತು ನಿಮಿಷ ಓಡಿಸು, ಆರಿಸು.
ಮೊದಲ ಬಿಸಿಗೆ ಹೊಗೆಯಾಡುತ್ತದೆ, ಗಾಬರಿಯಾಗಬೇಡ,
ಬೇಯುತ್ತಲೇ ಗಟ್ಟಿಯಾಗುವ ಜಾತಿ.

ಹಂಫರೆ ಬಹಳ ಹೊತ್ತು ಏನೂ ಅನ್ನಲಿಲ್ಲ.
ಕಪ್ಪು ಡಬ್ಬಿಯ ಮುಚ್ಚಳವನ್ನು
ಹೆಬ್ಬೆರಳಿಂದ ಸುತ್ತಲೂ ಒತ್ತಿ ಒತ್ತಿ ಮುಚ್ಚಿದ.
'ಬಾಗಿಲಿಗಾದರೂ ಕಪ್ಪು ಹಚ್ಚುತ್ತೀಯಾ, ತಿರ್ಹಾಸ್?'

ಬಾಗಿಲಿಗೆ ಹಚ್ಚುತ್ತೇನೆ.