ಹೆಸರಿಗೆ ಬಿಟ್ಟ ಜಾಗ

ಫ್ಲೆಕ್ಸ್ ಹಾಕಿದರೆ ಮಂಗ ಹರಿಯುತ್ತದೆಂದು
ಸಾಗರ ರಸ್ತೆಯ ಮೃಗಾಲಯದವರು
ಹನ್ನೊಂದು ವರ್ಷದ ಮೇಲೆ ನನ್ನ ನೆನಪು ಮಾಡಿಕೊಂಡರು.
ತಗಡು ಅವರದು, ಎನಾಮಲ್ ನನ್ನದು.
ಹಸಿರು ನೆಲ, ಬಿಳಿ ಅಕ್ಷರ.
ಚೀಟಿಯಲ್ಲಿ ಬರೆದುಕೊಟ್ಟಿದ್ದರು:
ಎರಡು ಬೆರಳ ಸೋಮಾರಿ.
ತವರು: ದಕ್ಷಿಣ ಅಮೆರಿಕದ ಮಳೆಕಾಡು.
ಆಹಾರ: ಎಲೆ, ಚಿಗುರು, ಹಣ್ಣು.

ತವರು ಬರೆದೆ. ಆಹಾರ ಬರೆದೆ.
ಹೆಸರಿನ ಜಾಗಕ್ಕೆ ಸೀಮೆಸುಣ್ಣದ ಗೆರೆ ಹೊಡೆದು
ಕುಂಚ ಎತ್ತಿದವನು ಹಾಗೇ ಕೂತೆ.

ಗಾಜಿನಾಚೆ ಅದು ತಲೆಕೆಳಗಾಗಿ,
ಗೂಟಕ್ಕೆ ಸಿಕ್ಕಿಸಿ ಮರೆತ ಗೋಣಿಚೀಲದ ಹಾಗೆ.
ಒದ್ದೆ ಮೂಗು. ಒಂದು ಹೋಳು ಸೌತೆಕಾಯಿ
ತಟ್ಟೆಯಿಂದ ಬಾಯಿಗೆ ಬರುವಷ್ಟರಲ್ಲಿ
ನನ್ನ ಟೀ ಆರಿ ಕೆನೆ ಕಟ್ಟಿತ್ತು.

‘ನೆಲಕ್ಕಿಳಿಯೋದು ವಾರಕ್ಕೊಂದ್ಸಲ,
ಅದೂ ಕಕ್ಕಸ್ಸಿಗೆ’ ಅಂದ ಕೀಪರ್ ಚೌಡಪ್ಪ.
‘ಕಾಡಲ್ಲಾದ್ರೆ ಮೈತುಂಬ ಪಾಚಿ ಬೆಳೀತದಂತೆ,
ಮರ ಯಾವ್ದು ಮೈ ಯಾವ್ದು ಹದ್ದಿಗೂ ತಿಳಿಯಲ್ಲ.
ಇಲ್ಲಿ ಹದ್ದಿಲ್ಲ.’
ಪಾಚಿಯೂ ಇರಲಿಲ್ಲ.
ಆಷಾಢದಲ್ಲಿ ನನ್ನ ಸ್ಕೂಟರ್ ಸೀಟಿಗೂ
ಹಸಿರು ಹಿಡಿಯುವ ಊರಿದು;
ಇದೊಂದು ಮಾತ್ರ ಟ್ಯೂಬ್‌ಲೈಟಿನಡಿ
ಒಣಗಿದ ಬ್ರಷ್ಷಿನಂತೆ ಕಂದು.

ಕಾಪಿ ಪುಸ್ತಕದ ಒಂದು ಸಾಲಿಗೆ
ಒಂದಿಡೀ ಪೀರಿಯಡ್ಡು ತಿಂದವನು ನಾನು.
ಗಿಡ್ಡಪ್ಪ ಮೇಷ್ಟ್ರು ಹಾಜರಿ ಕರೆಯುತ್ತಿದ್ದುದೇ ಸೋಮಾರಿ ಎಂದು.
ಸುಭಾನಿ ಅಂದರೆ
ನಾನೇ ಮುಖ ಎತ್ತುತ್ತಿರಲಿಲ್ಲ.
ಕಕಾರದ ಹೊಟ್ಟೆ ದುಂಡಗೆ ಬರಬೇಕಲ್ಲ ಸಾರ್,
ಅದಕ್ಕೆ ಹೊತ್ತು ಬೇಕಲ್ಲ ಅನ್ನಲು
ಆಗ ಬಾಯಿರಲಿಲ್ಲ.

ಮಂಡಗದ್ದೆಯ ಶಾಲೆಗೋಡೆ ಬರೆದು
ಟೆಂಪೋದಲ್ಲಿ ಬರುವಾಗ ಒಮ್ಮೆ, ರಾತ್ರಿ,
ಬಿದಿರ ಮೆಳೆಯಲ್ಲಿ ಎರಡು ಕೆಂಡ.
ಡ್ರೈವರ್ ಲೈಟು ತಗ್ಗಿಸಿದ: ‘ಕಾಡುಪಾಪ!’
ಅಂಗೈಯಷ್ಟು ಮೈ, ಮೈಯಷ್ಟು ಕಣ್ಣು,
ಹೊರೆಕಡ್ಡಿಯಂಥ ಕಾಲು.
ಕೊಂಬೆಯನ್ನು ಕೇಳಿಕೊಂಡೇ ಕೈಯಿಡುವ ಹಾಗೆ
ಒಂದು ಹೆಜ್ಜೆ, ಆಮೇಲೆ ತುಂಬಾ ಹೊತ್ತು ಏನಿಲ್ಲ.
ಅದೂ ನಿಧಾನವೇ.
ಆದರೆ ಅದಕ್ಕೆ ಹೆಸರಿಟ್ಟ ನಮ್ಮ ಕಡೆಯ ಯಾರೋ
ನಡಿಗೆ ಅಳೆಯಲಿಲ್ಲ, ಕಣ್ಣು ನೋಡಿದರು.
ಪಾಪ ಎಂದರು.
ಮಗುವಿಗೂ ಅದೇ ಮಾತು, ಅಯ್ಯೋ ಅನ್ನಲಿಕ್ಕೂ ಅದೇ,
ನಾವು ಮಾಡಿ ಮುಚ್ಚಿಡುವುದಕ್ಕೂ ಅದೇ.

‘ಚೌಡಪ್ಪ, ಹಿಂಗಾಲಲ್ಲಿ ಮೂರಿವೆಯಲ್ಲೋ?’
‘ಹೂಂ, ಮುಂದೆ ಎರಡು, ಹಿಂದೆ ಮೂರು.
ಹೆಸರಿಟ್ಟೋನು ಮುಂದಿಂದ ನೋಡ್ಕೊಂಡು ಹೋದ ಅಂತ ಕಾಣ್ತದೆ.’
ಎಣಿಕೆ ಅರ್ಧ,
ಬೈಗುಳ ಮಾತ್ರ ಪೂರ್ತಿ.

ಮೂರು ಗಂಟೆಗೆ ಸಾಹೇಬರ ಫೋನು: ‘ಮುಗೀತಾ?’
ಒಣಗ್ತಾ ಇದೆ ಸಾರ್, ಅಂದೆ.
ನಾಲ್ಕಕ್ಕೆ ರಿಪ್ಪನ್‌ಪೇಟೆಯ ಶಾಲೆಮಕ್ಕಳು ಬಂದು
ಗಾಜು ಬಡಿದರು, ಕೂಗಿದರು, ಸತ್ತಿದೆಯಾ ಕೇಳಿದರು,
ಹೋದರು.
ಒಬ್ಬಳು ಮಾತ್ರ, ಸ್ವೆಟರಿನ ತೋಳು ಕಚ್ಚುತ್ತಾ,
ಅದು ಒಂದು ಕೈ ಬಿಡಿಸಿ
ಮುಂದಿನ ಕೊಂಬೆಗೆ ಇಡುವ ತನಕ ನಿಂತಿದ್ದಳು.
ಟೀಚರ್ ಎರಡು ಸಲ ಕರೆದರು.
ಆಮೇಲೆ ಬೋರ್ಡು ನೋಡಿ, ‘ಇದರ ಹೆಸರು?’
‘ಇನ್ನೂ ಬರಲಿಲ್ಲಮ್ಮ’ ಅಂದೆ.
ಸರಿ ಎಂಬಂತೆ ತಲೆಯಾಡಿಸಿ ಓಡಿದಳು.

ಐದಕ್ಕೆ ಕುಂಚ ಅದ್ದಿದೆ.
ಚೀಟಿಯಲ್ಲಿದ್ದ ಮಾತನ್ನು ಬಿಡುವಂತಿಲ್ಲ, ಕೂಲಿಯ ಪ್ರಶ್ನೆ.
ಬಲಗಡೆ ಕೆಳಮೂಲೆಯಲ್ಲಿ,
ಎಂದಿನಂತೆ ‘ಸುಭಾನಿ ಆರ್ಟ್ಸ್’ ಎಂದು ಸಣ್ಣಗೆ ಸಹಿ ಹಾಕುವಲ್ಲಿ,
ಸೋಮಾರಿ ಎಂದು ಬರೆದೆ.
ಮಕಾರದ ಕೊಂಬು ಚೆನ್ನಾಗಿ ಬಂತು.

ಮೇಲೆ, ಎರಡು ಸೀಮೆಸುಣ್ಣದ ಗೆರೆಗಳ ನಡುವೆ,
ಹಸಿರು ಹಾಗೇ ಇತ್ತು.

ಬೆಳಿಗ್ಗೆ ಸಾಹೇಬರಿಗೆ ಏನು ಹೇಳುವುದೋ ಗೊತ್ತಿಲ್ಲ.
ಎನಾಮಲ್ ಒಣಗಲು ಎಂಟು ಗಂಟೆ ಬೇಕು, ಅದಂತೂ ಸುಳ್ಳಲ್ಲ.
ಮಳೆಗಾಲದಲ್ಲಿ
ಇನ್ನೂ ಜಾಸ್ತಿ.