ಕೆಮಪು

ಸೋಮವಾರ, ಗುರುವಾರ ಟೆಂಡರ್.
ಬ್ಯಾಡಗಿಯೊಳಗ ಆ ಎರಡು ದಿನ
ಗಾಳೀನೂ ಸೀನತೈತಿ.
ಚೀಲದ ಸಾಲು ರಸ್ತೇತನಕ ಬಂದು ಕುಂತಿರತಾವು,
ದಲಾಲಿ ಅಂಗಡಿಯ ನನ್ನ ಕೀಬೋರ್ಡಿನ ಸಂದಿಯೊಳಗ
ಮೂರು ಸುಗ್ಗಿಯ ಬೀಜ.

ಘಾಟು ಬಡೀಬಾರದಂತ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚತೀನಿ,
ಯಾರರೆ ಚೀಟಿ ಹಿಡಕೊಂಡು ಬಂದ್ರ ತಗೀತೀನಿ,
ಟೆಂಡರ್ ದಿನ ಅರವತ್ತು ಸಲ.
ತಗದ ಕೂಡಲೇ ಕರೀ ಪರದೆ,
ನಡುವ ಒಂದು ಖಾಲಿ ಪಟ್ಟಿ:
ಯಾರು?

ನಮ್ಮ ಓಣ್ಯಾಗ ಬಾಗಲಾ ಬಡದ್ರೂ
ಒಳಗಿಂದ ಕೇಳತಾರ, ಯಾರು?
ನಾನಽ, ಅಂದ್ರ ಮುಗೀತು.
ಹೆಸರು ಯಾರೂ ಹೇಳೂದಿಲ್ಲ,
ಚಿಲಕ ಸರೀತೈತಿ.
ಇದಕ್ಕ ನನ್ನ ದನಿ ಗೊತ್ತಿಲ್ಲ.
ಕಾಯಿ ಮುರದು ನೋಡಿದ ಬೆರಳಿಂದ
ಐದು ಅಕ್ಷರ ಕುಟ್ಟಬೇಕು,
ಕಾಣೂದು ಐದು ಚುಕ್ಕಿ.
ಭಾಷಾ ಕನ್ನಡಕ್ಕ ನಿಂತಿದ್ರ, ತಪ್ಪು ಅಂತೈತಿ.
ಎದುರಿಗೆ ರೈತ, ತೆಲಿಮ್ಯಾಲಿನ ಟವೆಲ್ ಕೈಯಾಗ ಹಿಡದು,
ನನಗಽ ನನ್ನ ಅಂಗಡಿಯೊಳಗ ಪ್ರವೇಶ ಇಲ್ಲದ್ದನ್ನ
ಸುಮ್ಮನ ನೋಡಕೋತ ನಿಂತಿರತಾನು.

ಲಿನಕ್ಸ್ ಹಾಕಿಕೊಟ್ಟವ ಶಿಗ್ಗಾವಿಯ ರಿಯಾಜ.
ಫೋನ್ ಮಾಡಿದೆ.
'ಸೆಟ್ಟಿಂಗ್ಸಿನ್ಯಾಗ ಸ್ಕ್ರೀನ್ ಲಾಕ್ ಆರಿಸಿಬಿಡ್ರಿ.'
ಆರಿಸಿದೆ. ಮುಚ್ಚಿದೆ. ತಗದೆ.
ಯಾರು?
'ಬ್ಯಾಟರಿ ಪುಟದ ಕಡೇ ಮೂಲ್ಯಾಗ ನೋಡ್ರಿ.'
ಅಲ್ಲಿತ್ತು ಇನ್ನೊಂದು ಟಿಕ್ ಮಾರ್ಕು:
ಮಲಗೂ ಮುಂದ ಕೀಲಿ ಹಾಕು.
ಅದನ್ನೂ ತಗದೆ. ಮುಚ್ಚಿದೆ. ತಗದೆ.
ಯಾರು?
ಆಗ ಅವಗ ನೆನಪಾತು,
ತಾನಽ ಎಂದೋ ಕೂಡಿಸಿ ಮರತುಹೋದ ಮೂರನೇ ಲಾಕರ್.
ಕರೀ ಕಿಟಕಿಯೊಳಗ ಒಂದು ಸಾಲು ಬರೆಸಿದ,
ಅಕ್ಷರಕ್ಕೊಂದು ಉಸುರು ಬಿಟ್ಟು.
'ಅಡ್ಡಗೀಟು ರೀ ಅಕ್ಕಾರ, ಅಡಿಗೀಟಲ್ಲ.'
ಒಂದಽ ಬಾಗಲಿಗೆ ಮೂರು ಮಂದಿ ಕಾವಲು,
ಒಬ್ಬರ ಗುರುತು ಒಬ್ಬರಿಗಿಲ್ಲ.
ಮುಚ್ಚಿದೆ.
ತಗದೆ.
ಪೂರಾ ಬೆಳಕು.
ಬಿಟ್ಟಲ್ಲೇ ಬಿಲ್ಲು, ಬಿಟ್ಟಲ್ಲೇ ಮಿಣುಕುವ ಗೆರೆ.

ಸಾಹುಕಾರ್ರಿಗೆ ಹೇಳಿದೆ, ಕೀಲಿ ತಗಸೀನಿ ಅಂತ.
'ತಿಜೋರಿಗೆ ಹಾಕು,' ಅಂದ್ರು,
'ತಕ್ಕಡಿಗೆ ಯಾಕ ಬೇಕು?'

ಪರದೆ ಮರತರೂ ಬೆರಳು ಮರೀಲಿಲ್ಲ.

ಮುಂದಿನ ಗುರುವಾರ ಮೋಟೆಬೆನ್ನೂರಿನ ಫಕ್ಕೀರವ್ವ
ಮಾಲಿಲ್ಲದಽ ಬಸ್ಸಿಳದು ಬಂದಳು,
ಬಿಲ್ಲು ನಾಕು ಮಡಿಕಿ, ಕುಪ್ಪಸದೊಳಗ ಬೆವತದ್ದು.
'ಸೊನ್ನಿ ಬಿಟ್ಟೀರಂತ. ಮೊಮ್ಮಗಳು ಓದಿ ಹೇಳ್ಯಾಳ.
ನನ್ನ ರೊಕ್ಕದ ಸೊನ್ನಿ ಎಲ್ಲೈತಿ?'
ಅಂಗಡಿ ಸೀನೂದು ಬಿಟ್ಟು ತಿರುಗಿ ನೋಡತು.

ಕೂಡಿಸಿದೆ, ಗುಣಿಸಿದೆ, ತೂಕದ ಚೀಟಿ ಹುಡುಕಿ ತಾಳೆ ನೋಡಿದೆ.
ರೊಕ್ಕ ಪೈಸಾಕ್ಕ ಪೈಸಾ ಸರಿ.
ಕಾಯಿಯ ಜಾತಿ ಬರಿಯೂ ಮನ್ಯಾಗ,
ಡಬ್ಬಿ ಅಂತ ಇರಬೇಕಾದಲ್ಲಿ,
ಕೆಮಪು.

ಎರಡು ವರ್ಷ ಯಾರ ಮುಂದೂ ಬಾಯಿ ಬಿಡದ ಪದ,
ಇಂಗ್ಲಿಷ್ ಅಕ್ಷರದ ಮುಸುಕಿನ್ಯಾಗ ಚುಕ್ಕಿಯಾಗಿ ಕುಂತದ್ದು,
ಕೇಳವರಿಲ್ಲದ್ದಕ್ಕ ತಾನಽ ನಡಕೋತ ಹೋಗಿ
ಬಿಲ್ಲಿನ್ಯಾಗ ಬಿದ್ದಿತ್ತು,
ಸಾಹುಕಾರ್ರ ಸಹಿಯ ಮ್ಯಾಲೆ,
ಸೊನ್ನಿ ಇಲ್ಲದಽ.

'ಇದು ರೊಕ್ಕದ್ದಲ್ಲ ಯವ್ವಾ. ನನ್ನ ಕೀಲಿ.'
'ಯಾವ ಕದಾದ್ದು?'
'ಈಗ ಯಾವ ಕದಾದ್ದೂ ಅಲ್ಲ.'

ಫಕ್ಕೀರವ್ವ ಬಿಲ್ಲನ್ನ ಬೆಳಕಿಗೆ ಹಿಡದಳು,
ಕಾಯಿ ಹಿಡದು ನೋಡಿದಂಗ.
'ಬ್ಯಾಡಗಿ ಕಾಯಿ ಕೆಂಪಿರತೈತಂತ ಬರದ ಕೊಡಬೇಕೇನು,' ಅಂದಳು.
ಹೊಸ ಬಿಲ್ಲು ತಗದು ಕೊಡತೀನಿ ಅಂದೆ, ಒಲ್ಲೆ ಅಂದಳು.
ಪೆನ್ನು ಕೇಳಿದಳು.
ನಾಲಿಗಿ ಹಲ್ಲಿನ ನಡುವ ಕಚ್ಚಿ
ಮ ಅಕ್ಷರದ ನೆತ್ತಿಮ್ಯಾಲ ಕುಂದರಿಸಿದಳು ಒಂದು ಸೊನ್ನಿ,
ರೊಟ್ಟಿಯಷ್ಟು ದುಂಡಗ.
'ಬರಿಯಾಕ ಬರೂದು ನನಗ ಇದೊಂದಽ.'

ಹನ್ನೊಂದೂವರಿ ಬಸ್ಸಿಗೆ ಹೋದಳು.
ನಾ ಮುಚ್ಚಳ ಮುಚ್ಚಿದೆ,
ಧೂಳು.